ಹಾಸ್ಟೆಲ್ ಕೋಣೆಯ ಮೇಷ್ಟ್ರು

ಬಸವನಗುಡಿಯ ಗಾಂಧಿ ಬಜಾರಿನ ಮಲ್ಲಿಗೆ, ಕನಕಾಂಬರದ ರಾಶಿಗಳನ್ನು ದಾಟಿ ನ್ಯಾಷನಲ್ ಕಾಲೇಜಿನ ಕಡೆ ನಡೆದರೆ ಗದ್ದಲ ಕಡಿಮೆಯಾಗುವುದಿಲ್ಲ. ಮೇಲ್ಸೇತುವೆಯ ವಾಹನಗಳ ಸದ್ದೂ ಬಂದು ಸೇರುತ್ತದೆ. ಬುಧವಾರ ಸಂಜೆ ಆ ಸದ್ದಿನ ಮಗ್ಗುಲಲ್ಲೇ ಕಾಲೇಜಿನ ಸಭಾಂಗಣದಲ್ಲಿ ಜನ ಬಂದು ಕೂರುತ್ತಾರೆ: ತಲೆ ನರೆತ ಪಿಂಚಣಿದಾರರು, ಹೆಗಲಿಗೆ ಚೀಲ ಹಾಕಿದ ಹುಡುಗರು. ಅಂದಿನ ಮಾತು ನಕ್ಷತ್ರದ್ದೋ ಸೊಳ್ಳೆಯದೋ, ಅವರಿಗೆ ಎರಡೂ ಒಂದೇ. ಈ ಉಪನ್ಯಾಸಗಳನ್ನು ನಡೆಸುವ ಬೆಂಗಳೂರು ಸೈನ್ಸ್ ಫೋರಂ ಅನ್ನು 1962ರಲ್ಲಿ ಶುರುಮಾಡಿದವರು ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯ, ಊರಿಗೆಲ್ಲ ಎಚ್ಚೆನ್.

ಬಿಳಿ ಖಾದಿ ಜುಬ್ಬಾ, ಪಂಚೆ, ತಲೆಯ ಮೇಲೆ ಗಾಂಧಿ ಟೋಪಿ. ಮದುವೆಯಾಗಲಿಲ್ಲ. ಮನೆ ಎಂದರೆ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, 1935ರಲ್ಲಿ ಓದಬೇಕೆಂಬ ಒಂದೇ ಹಟಕ್ಕೆ ಬೆಂಗಳೂರಿಗೆ ನಡೆದೇ ಬಂದ. ಬಸ್ಸಿಗೆ ಕಾಸಿರಲಿಲ್ಲ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದ. ಹೊರಬಂದು ಮತ್ತೆ ಪುಸ್ತಕ ಹಿಡಿದ. 1946ರಲ್ಲಿ ಅದೇ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದ.

ಸಂಶೋಧನೆಗೆ ಹೋದದ್ದು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ. 1960ರಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಪಿಎಚ್‌.ಡಿ. ಆ ಬೀಜ ಕಣ್ಣಿಗೆ ಕಾಣುವಂಥದ್ದಲ್ಲ. ಅದರಿಂದ ಹೊಮ್ಮುವ ಕಣ, ಕಿರಣಗಳನ್ನು ಉಪಕರಣದಲ್ಲಿ ಹಿಡಿದು, ಎಣಿಸಿ, ಅಳೆದು, ಒಳಗೆ ಏನಿದೆ ಎಂದು ತೀರ್ಮಾನಿಸಬೇಕು. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ. ಈ ಶಿಸ್ತು ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತುಬಿಡಬಾರದು, ಮನೆಗೂ ಬೀದಿಗೂ ಬರಬೇಕು ಎಂದು ಅವರು ನಂಬಿದ್ದರು. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಇಲ್ಲೇ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅವರ ವಾಸ ಹಾಸ್ಟೆಲ್ ಕೋಣೆಯಲ್ಲೇ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ರಚಿಸಿದರು. ಬರಿಗೈಯಿಂದ ಉಂಗುರ ಬರಿಸುತ್ತಾರೆಂದು ಭಕ್ತರು ನಂಬಿದ್ದ ಸತ್ಯಸಾಯಿಬಾಬಾ ಅವರಿಗೆ ಪತ್ರಗಳು ಹೋದವು. ಪರೀಕ್ಷೆಗೆ ಒಪ್ಪಿಗೆ ಬರಲಿಲ್ಲ. ಉಂಗುರದ ಬದಲು ಒಂದು ಕುಂಬಳಕಾಯಿ ಬರಿಸಲಿ ಎಂದು ಎಚ್ಚೆನ್ ಕೇಳಿದ್ದು ನಾಡಿನಲ್ಲೆಲ್ಲ ಹರಡಿತು. ಜನ ನಕ್ಕರು, ಕೆಲವರು ಕೋಪಿಸಿಕೊಂಡರು. ಆದರೆ ಅದು ಪ್ರಯೋಗದ ಸರಿಯಾದ ವಿನ್ಯಾಸ: ಉಂಗುರ ಬೆರಳ ಸಂದಿಯಲ್ಲಿ ಅಡಗುತ್ತದೆ, ಕುಂಬಳಕಾಯಿ ಅಂಗಿಯ ತೋಳಿನೊಳಗೆ ಅಡಗುವುದಿಲ್ಲ. ಸಂಶಯಕ್ಕೆ ಎಡೆಯಿಲ್ಲದಂತೆ ಪರೀಕ್ಷೆ ಕಟ್ಟುವುದನ್ನು ಒಬ್ಬ ಮೇಷ್ಟ್ರು ಇದಕ್ಕಿಂತ ಸರಳವಾಗಿ ಹೇಗೆ ಕಲಿಸಿಯಾರು?

ಇಂಥವರು ಒಣ ಮನುಷ್ಯರಿರಬೇಕು ಅಂದುಕೊಂಡರೆ ತಪ್ಪು. ಸಂಗೀತ, ನಾಟಕ ಎಂದರೆ ಅವರಿಗೆ ಪ್ರೀತಿ. ವಿಜ್ಞಾನದ ಉಪನ್ಯಾಸ ನಡೆಯುವ ಕಾಲೇಜಿನಲ್ಲೇ ಕಛೇರಿಗಳಿಗೂ ರಂಗಕ್ಕೂ ಜಾಗ ಮಾಡಿಕೊಟ್ಟರು. ಜಯನಗರದ ನ್ಯಾಷನಲ್ ಕಾಲೇಜಿನ ಕಲಾಕ್ಷೇತ್ರ ಈಗ ಅವರ ಹೆಸರಿನಲ್ಲೇ ಇದೆ. ‘ಹೋರಾಟದ ಹಾದಿ’ ಎಂಬ ಆತ್ಮಕಥೆಯನ್ನು ಕನ್ನಡದಲ್ಲಿ ಬರೆದರು. 1984ರಲ್ಲಿ ಪದ್ಮಭೂಷಣ ಬಂತು. ಅದರಿಂದ ಕೋಣೆಯೇನೂ ಬದಲಾಗಲಿಲ್ಲ.

2005ರ ಜನವರಿ 31ರಂದು ಅವರು ತೀರಿಕೊಂಡರು. ಬುಧವಾರದ ಉಪನ್ಯಾಸ ನಿಲ್ಲಲಿಲ್ಲ. ಬಸವನಗುಡಿಗೆ ಬಂದಾಗ ನೀವೂ ಒಂದು ಸಂಜೆ ಹೋಗಿ ಕುಳಿತುಕೊಳ್ಳಿ. ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಕೊನೆಯಲ್ಲಿ ಅವರ ಕೈಯಲ್ಲೇ ಒಂದು ಪ್ರಶ್ನೆ ಕೇಳಿಸಿ.