ದವಾಖಾನೆಯ ಪಾಳಿ

ನಮ್ಮ ಕಡೆಯ ತಾಲೂಕು ಊರುಗಳಲ್ಲಿ ಕೈಗುಣವುಳ್ಳವರೆಂದು ಹೆಸರಾದ ವೈದ್ಯರ ದವಾಖಾನೆ ಹತ್ತು ಗಂಟೆಗೆ ತೆರೆಯುವುದಾದರೂ ಅದರ ಕಟ್ಟೆಯ ಮೇಲೆ ಏಳು ಗಂಟೆಗೇ ಜನ ನೆರೆದಿರುತ್ತಾರೆ. ಹಳ್ಳಿಯಿಂದ ಮೊದಲನೆಯ ಬಸ್ಸಿಗೆ ಬಂದವರು ಕೈಚೀಲವನ್ನೋ ಚಪ್ಪಲಿಯನ್ನೋ ಪಾಳಿಯಲ್ಲಿಟ್ಟು ಚಹಾ ಕುಡಿಯಲು ಹೋಗುವುದುಂಟು. ಚಪ್ಪಲಿಯ ಪಾಳಿಯನ್ನೂ ಮನ್ನಿಸುವಷ್ಟು ಸೌಜನ್ಯ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಈಚೆಗೆ ಫೋನಿನಲ್ಲಿಯೇ ಹೆಸರು ಹಚ್ಚುವ ಪದ್ಧತಿ ಬಂದಿದೆ. ಆದರೂ ಕಾಯುವುದು ತಪ್ಪಿಲ್ಲವೇಕೆಂದು ಅನೇಕರು ಬೇಸರಿಸುತ್ತಾರೆ.

ಕಾರಣ ಸರಳವಾಗಿದೆ. ನಮಗೆ ಸಿಗುವುದು ನಂಬರು, ವೇಳೆಯಲ್ಲ. ಹತ್ತರಿಂದ ಒಂದು ಗಂಟೆಯವರೆಗೆ ನಲವತ್ತು ಜನರನ್ನು ನೋಡುವ ವೈದ್ಯರಿಗೆ ಒಬ್ಬೊಬ್ಬರ ಪಾಲಿಗೆ ದೊರೆಯುವುದು ನಾಲ್ಕೂವರೆ ನಿಮಿಷ. ಈ ಲೆಕ್ಕದಂತೆ 17ನೆಯ ನಂಬರಿನವರ ಸರದಿ ಹನ್ನೊಂದು ಗಂಟೆಯ ಮೇಲೆಯೇ ಬರಬೇಕು. ಆದರೆ ಒಂದರಿಂದ ನಲವತ್ತರವರೆಗಿನ ಎಲ್ಲರೂ ಹತ್ತಕ್ಕೇ ಬಂದು ಕೂಡುತ್ತಾರೆ. ಕೆಮ್ಮುವವರು, ಬಸುರಿಯರು, ಜ್ವರದ ಕೂಸುಗಳು, ಎಲ್ಲರೂ ಒಂದೇ ಪಡಸಾಲೆಯಲ್ಲಿ! ಒಂದು ಕಾಯಿಲೆಗೆ ಬಂದವರು ಇನ್ನೊಂದನ್ನು ಜೊತೆಗೆ ಕಟ್ಟಿಕೊಂಡು ಹೋಗುವುದು ಹೀಗೆಯೇ.

ಈ ತೊಡಕನ್ನು ಗಣಿತದಿಂದ ಬಿಡಿಸಲು ಯತ್ನಿಸಿದವರೂ ಇದ್ದಾರೆ. 1952ರಲ್ಲಿ ಇಂಗ್ಲೆಂಡಿನ ವೆಲ್ಶ್ ಮತ್ತು ಬೈಲಿ ಎಂಬವರು ಆಸ್ಪತ್ರೆಗಳ ಹೊರರೋಗಿಗಳ ಸರದಿಯನ್ನು ಅಭ್ಯಸಿಸಿ ಒಂದು ಸೂತ್ರವನ್ನು ಮುಂದಿಟ್ಟರು. ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರನ್ನು ಕರೆಯಬೇಕು. ಅನಂತರ ಒಬ್ಬರನ್ನು ನೋಡಲು ಸರಾಸರಿ ಎಷ್ಟು ನಿಮಿಷ ಹಿಡಿಯುವುದೋ ಅಷ್ಟಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಬೇಕು. ಇದರಿಂದ ವೈದ್ಯರೂ ಖಾಲಿ ಕೂಡಬೇಕಿಲ್ಲ, ರೋಗಿಗಳೂ ಹೆಚ್ಚು ಕಾಯಬೇಕಿಲ್ಲ. ನಮ್ಮ ಕಂಪೌಂಡರುಗಳು ವಹಿಯಲ್ಲಿ ನಂಬರಿನ ಪಕ್ಕದಲ್ಲಿ ಗಂಟೆಯನ್ನೂ ಬರೆದುಕೊಟ್ಟರೆ ಸಾಕು, ಕಾಸು ಖರ್ಚಿಲ್ಲದೆ ಈ ಕೆಲಸವಾಗುತ್ತದೆ.

ವೈದ್ಯರು ಮುಖವೆತ್ತಿಯೂ ನೋಡುವುದಿಲ್ಲವೆಂಬ ದೂರೂ ಇದೆ. ವೈದ್ಯರು ರೋಗಿಯೊಡನೆ ಕಳೆಯುವ ಹೊತ್ತನ್ನು ಕುರಿತು 67 ದೇಶಗಳ ಮಾಹಿತಿಯನ್ನು ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸ್ವೀಡನ್ನಿಗೆ 22 ನಿಮಿಷಕ್ಕೂ ಮೇಲೆ, ಬಾಂಗ್ಲಾದೇಶಕ್ಕೆ ಬರಿಯ 48 ಸೆಕೆಂಡು ಎಂದು ಕಂಡುಬಂದಿತು. ನಾವು ಸ್ವೀಡನ್ನಿನಲ್ಲಿಲ್ಲ. ಆದುದರಿಂದ ಸಿಕ್ಕ ನಾಲ್ಕು ನಿಮಿಷಗಳನ್ನು ಹಾಳುಮಾಡಿಕೊಳ್ಳದಂತೆ ಮನೆಯಲ್ಲಿಯೇ ಸಿದ್ಧರಾಗಬೇಕು. ಹಳೆಯ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿ ಒಂದೇ ಚೀಲದಲ್ಲಿರಲಿ. ಕೇಳಬೇಕಾದ ಮಾತನ್ನು ಬರೆದುಕೊಂಡು ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಮುಂಜಾನೆ ಬರಿ ಹೊಟ್ಟೆಯಲ್ಲಿ ಬರಬೇಕೇ ಎಂಬುದನ್ನು ಹೆಸರು ಹಚ್ಚುವಾಗಲೇ ಕೇಳಿದರೆ ಮತ್ತೊಂದು ಸಲ ಬರುವುದು ತಪ್ಪುತ್ತದೆ. ಅತ್ತೆಯವರ ಮೊಣಕಾಲು ತೋರಿಸಲು ಹೋದ ಸೊಸೆ, ಮಾವನವರ ಕೆಮ್ಮು, ತನ್ನ ತಲೆನೋವು, ಮಗನ ಕಜ್ಜಿ ಎಲ್ಲವನ್ನೂ ಒಂದೇ ನಂಬರಿನಲ್ಲಿ ಮುಗಿಸಿಕೊಂಡು ಬರುವುದುಂಟು. ಮೂವರಿದ್ದರೆ ಮೂರು ನಂಬರು ಹಚ್ಚಿಸಬೇಕು. ಬರಲಾಗದಿದ್ದರೆ ಮುನ್ನಾದಿನವೇ ತಿಳಿಸಿದರೆ ಆ ಜಾಗ ಮತ್ತೊಬ್ಬ ನೊಂದವರಿಗೆ ಸಿಗುತ್ತದೆ.

ದಿನವನ್ನೂ ನೋಡಿಕೊಂಡು ಹೋಗಬೇಕು. ಸೋಮವಾರ ಮತ್ತು ಸಂತೆಯ ದಿನ ಕಾಲಿಡಲು ಜಾಗವಿರುವುದಿಲ್ಲ. ಅಮಾವಾಸ್ಯೆಯಂದು ಮಾತ್ರ ಬೆಂಚುಗಳು ಬರಿದಾಗಿರುವುದನ್ನು ನಾವು ಕಂಡಿದ್ದೇವೆ. ತಿಥಿ, ವಾರಗಳನ್ನು ನೋಡಬೇಡಿರೆಂದು ಶರಣರು ಹೇಳಿ ಎಂಟು ಶತಮಾನಗಳು ಕಳೆದರೂ ನಮ್ಮವರು ಬಿಟ್ಟಿಲ್ಲ! ಬಿಟ್ಟವರಿಗೆ ಅಂದು ಪಾಳಿ ಬೇಗ ಸಿಗುತ್ತದೆ.

ಆದರೆ ಕೆಲವಕ್ಕೆ ಪಾಳಿ ಎಂಬುದೇ ಇಲ್ಲ. ಎದೆನೋವು, ಉಸಿರುಕಟ್ಟುವಿಕೆ, ಹಾವಿನ ಕಡಿತ, ಬಸುರಿಯ ರಕ್ತಸ್ರಾವ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ ಕೈ ಸೋಲುವುದು, ಇವುಗಳಿಗೆ ನಂಬರು ಹಚ್ಚಿ ಕೂಡಬಾರದು. 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಲಕ್ವ ಹೊಡೆದವರಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ಅಂತಹವರು ಒಳಗೆ ಬಂದಾಗ ಉಳಿದವರು ಗೊಣಗಬಾರದು.

ಸರಕಾರಿ ಆಸ್ಪತ್ರೆಗಳಲ್ಲಿ 2022ರಿಂದೀಚೆಗೆ ಇನ್ನೊಂದು ಅನುಕೂಲ ಬಂದಿದೆ. ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಪಡೆದವರು, ಈ ಸೌಲಭ್ಯವಿರುವಲ್ಲಿ, ನೋಂದಣಿ ಕಿಟಕಿಯ ಬಳಿ ಅಂಟಿಸಿದ ಸಂಕೇತವನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ ಟೋಕನ್ ಪಡೆಯಬಹುದು. ಹಿರಿಯರಿಗೆ ಇದು ತಿಳಿಯದು. ದಿನವಿಡೀ ಮೊಬೈಲು ಹಿಡಿದಿರುವ ಮಕ್ಕಳು ಅಜ್ಜನಿಗಾಗಿ ಐದು ನಿಮಿಷ ಅದನ್ನು ಬಳಸಲಿ.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರ ಕಾಲು ಬಾತುಕೊಂಡಿತ್ತು. ವೈದ್ಯರು ನಮ್ಮವರೇ, ಬೀಗರ ಕಡೆಯಿಂದ ಸಂಬಂಧ ಬೇರೆ. ಹೆಸರು ಬರೆದು ಚೀಟಿ ಒಳಗೆ ಕಳಿಸಿದೆವು. ಪಕ್ಕದ ಬಾಗಿಲಿನಿಂದ ಕೂಡಲೇ ಕರೆ ಬಂದಿತು. ಹೊರಬರುವಾಗ ಬಾಗಿಲ ಬಳಿ ಹೆಣ್ಣುಮಗಳೊಬ್ಬಳು ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಒಂಬತ್ತನೆಯ ನಂಬರಿನ ಚೀಟಿ. ಅವಳು ಕಾಲು ಮಡಚಿ ದಾರಿ ಬಿಟ್ಟು, “ಸಾವಕಾಶ ಹೋಗ್ರಿ ಯವ್ವಾ” ಎಂದಳು. ಅಂದು ಹಾಗೆ ಚೀಟಿ ಕಳಿಸಿದವರು ಆರು ಜನರೆಂದೂ, ಅದರಿಂದ ಆಕೆಯ ಊರಿನ ಬಸ್ಸು ತಪ್ಪಿತೆಂದೂ ಕಂಪೌಂಡರನಿಂದ ಆಮೇಲೆ ತಿಳಿಯಿತು. ಆರು ಜನರೆಂದರೆ ಅರ್ಧ ತಾಸು. ಅನುಭವ ಮಂಟಪದ ಸಮತೆಯನ್ನು ಕುರಿತು ಬಸವ ಜಯಂತಿಯಲ್ಲಿ ಭಾಷಣ ಮಾಡಿದ ಬಾಯಿ ನಮ್ಮದೇ ಆಗಿತ್ತು.

ಮನೆಯ ದಾರಿಯಲ್ಲಿ ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಓಣಿಯ ತಿರುವಿಗೆ ಬಂದಾಗ, “ಆ ಕೂಸಿನ ಮೈ ಸುಡತಿತ್ತಲ್ಲೋ ತಮ್ಮಾ, ಅದು ಮೊದಲು ಹೋಗಬೇಕಿತ್ತು” ಎಂದರು.

ಅಂದಿನಿಂದ ನಮ್ಮ ಮನೆಯ ಹೆಸರನ್ನೂ ಕಂಪೌಂಡರನ ವಹಿಯಲ್ಲಿಯೇ ಹಚ್ಚಿಸುತ್ತೇವೆ. ಹೋದ ಸಲ 23ನೆಯದು ಬಂದಿತ್ತು. ಹನ್ನೆರಡೂವರೆಗೆ ಒಳಗೆ ಹೋದೆವು. ವೈದ್ಯರು, “ಚೀಟಿ ಕಳಿಸಬಾರದಿತ್ತೇನ್ರಿ?” ಎಂದು ಕೇಳಿದರು.