ಅಸ್ಸಿಸಿಯಿಂದ ಸ್ಪೊಲೇತೊವರೆಗೆ: ಸೈಕಲ್ಲಿನಲ್ಲಿ ಮೂರು ದಿನ

ಇಟಲಿ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ರೋಮ್ ನಗರ, ಸಂತ ಪೇತ್ರರ ಮಹಾದೇವಾಲಯ, ಪಾದುವಾದ ಸಂತ ಅಂತೋಣಿಯವರ ಸಮಾಧಿ. ನಮ್ಮ ಊರುಗಳಿಂದ ಹೊರಡುವ ಯಾತ್ರಿಕರ ತಂಡಗಳು ಇವೆಲ್ಲವನ್ನೂ ಒಂದು ವಾರದೊಳಗೆ ಬಸ್ಸಿನಲ್ಲಿ ಸುತ್ತಿ ಮುಗಿಸುತ್ತವೆ. ಅಸ್ಸಿಸಿಗೆ ಅರ್ಧ ದಿನ ದೊರೆತರೆ ಅದೇ ಹೆಚ್ಚು. ನಾವೂ ಹಿಂದೊಮ್ಮೆ ಹಾಗೆ ಹೋಗಿ ಬಂದವರೇ. ಅಂದು ಅಸ್ಸಿಸಿಯ ಗೋಡೆಯ ಬಳಿ ನಿಂತು ಕೆಳಗೆ ನೋಡಿದಾಗ ದಕ್ಷಿಣದ ಕಡೆಗೆ ಹಬ್ಬಿದ್ದ ಹಸಿರು ಬಯಲೊಂದು ಕಂಡಿತು. ಅಲ್ಲಿ ಏನಿದೆಯೆಂದು ಕೇಳಿದಾಗ, ಏನೂ ಇಲ್ಲ, ಬರೀ ಹಳ್ಳಿಗಳು ಎಂದು ನಮ್ಮ ಮಾರ್ಗದರ್ಶಕರು ಉತ್ತರಿಸಿ ಬಸ್ಸು ಹತ್ತಿಸಿದ್ದರು. ಆ "ಬರೀ ಹಳ್ಳಿಗಳು" ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟವು.

ಅವುಗಳನ್ನು ನೋಡಲೆಂದೇ ಈಚಿನ ಒಂದು ಸೆಪ್ಟೆಂಬರಿನಲ್ಲಿ ನಾವು ನಾಲ್ವರು ಮತ್ತೆ ಹೊರಟೆವು. ನಾವು ದಂಪತಿಗಳು, ಜೊತೆಗೆ ನಮ್ಮ ನೆರೆಯವರಾದ ನಿವೃತ್ತ ಮೇಷ್ಟ್ರು ಮತ್ತು ಅವರ ಮಡದಿ. ನಾಲ್ವರೂ ಅರುವತ್ತರ ಆಸುಪಾಸಿನವರು. ಅಸ್ಸಿಸಿಯ ಬುಡದಿಂದ ಸ್ಪೊಲೇತೊ ಪಟ್ಟಣದವರೆಗೆ ಹೊಳೆ ಕಾಲುವೆಗಳ ದಂಡೆ ಹಿಡಿದು ಸುಮಾರು 50 ಕಿಲೋಮೀಟರ್ ಉದ್ದದ ಸೈಕಲ್ ದಾರಿಯೊಂದಿದೆ. ಬಹುಪಾಲು ಸಮತಟ್ಟು. ಗಟ್ಟಿಮುಟ್ಟಾದ ಯುವಕರು ಒಂದು ಬೆಳಗಿನಲ್ಲಿ ಮುಗಿಸಬಹುದಾದ ಈ ದಾರಿಗೆ ನಾವು ಮೂರು ದಿನಗಳನ್ನು ಇಟ್ಟುಕೊಂಡೆವು.

ಬಲಗಡೆಯ ಪಾಠ

ಅಸ್ಸಿಸಿಯ ರೈಲು ನಿಲ್ದಾಣವಿರುವುದು ಬೆಟ್ಟದ ಮೇಲಲ್ಲ, ಬಯಲಿನಲ್ಲಿರುವ ಸಂತ ಮರಿಯ ದೇಲಿ ಆಂಜೆಲಿ ಎಂಬ ಊರಿನಲ್ಲಿ. ಅಲ್ಲಿನ ಮಹಾದೇವಾಲಯದೊಳಗೆ, ಗೂಡಿನೊಳಗಿನ ಗೂಡಿನಂತೆ, ಪೊರ್ಸಿಯುಂಕುಲ ಎಂಬ ಪುಟ್ಟ ಪ್ರಾರ್ಥನಾಲಯವಿದೆ. ಸಂತ ಫ್ರಾನ್ಸಿಸರು 1226ರ ಅಕ್ಟೋಬರ್ 3ರ ಸಂಜೆ ಕಣ್ಮುಚ್ಚಿದ್ದು ಇದರ ಪಕ್ಕದಲ್ಲಿಯೇ. ಅಲ್ಲಿ ಮೊಣಕಾಲೂರಿ ಎದ್ದು, ಸಮೀಪದ ಅಂಗಡಿಯೊಂದರಲ್ಲಿ ಸೈಕಲ್ಲುಗಳನ್ನು ಬಾಡಿಗೆಗೆ ಪಡೆದೆವು.

ಈಗ ವಿದ್ಯುತ್ ಮೋಟಾರಿನ ನೆರವಿರುವ ಸೈಕಲ್ಲುಗಳು ಅಲ್ಲಿ ಸಾಮಾನ್ಯ. ಪೆಡಲು ತುಳಿದರೆ ಮಾತ್ರ ಮೋಟಾರು ಕೈಗೂಡಿಸುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದೊಡನೆ ನೆರವು ನಿಲ್ಲಬೇಕೆಂಬುದು ಯುರೋಪಿನ ನಿಯಮ. ನಾವು ಮೂವರು ಸಂಕೋಚವಿಲ್ಲದೆ ಅದನ್ನೇ ಆರಿಸಿಕೊಂಡೆವು. ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ಮೂವತ್ತು ವರ್ಷ ಸೈಕಲ್ಲಿನಲ್ಲೇ ಶಾಲೆಗೆ ಹೋಗಿ ಬಂದ ನನಗೆ ಮೋಟಾರು ಏಕೆ ಎಂದು ಸಾದಾ ಸೈಕಲ್ಲನ್ನೇ ತೆಗೆದುಕೊಂಡರು. ಅವರ ಮಡದಿ ಏನೋ ಹೇಳಹೊರಟು ಸುಮ್ಮನಾದರು. ಅದನ್ನು ನಾವು ಆಗ ಗಮನಿಸಲಿಲ್ಲ.

ಮೊದಲ ಗಂಟೆಯಲ್ಲಿಯೇ ಪಾಠವಾಯಿತು. ಇಟಲಿಯಲ್ಲಿ ವಾಹನಗಳು ರಸ್ತೆಯ ಬಲಗಡೆ ಸಾಗುತ್ತವೆ. ನೇರ ದಾರಿಯಲ್ಲಿ ಇದು ತೊಡಕಲ್ಲ. ತಿರುವಿನಲ್ಲಿ ದೇಹ ತನ್ನ ಹಳೆಯ ರೂಢಿಗೆ ಮರಳುತ್ತದೆ. ವೃತ್ತವೊಂದರಲ್ಲಿ ನಾವು ಊರಿನ ಅಭ್ಯಾಸದಂತೆ ಎಡಕ್ಕೆ ಹೊರಳಿದೆವು. ಎದುರಿನಿಂದ ಬಂದ ಕಾರು ಕೂಗಿಕೊಂಡು ನಿಂತಿತು. ಚಾಲಕಿ ಬೈಯಲಿಲ್ಲ, ಎರಡೂ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಉಸಿರು ಬಿಟ್ಟರು. ಅಂದಿನಿಂದ ಪ್ರತಿ ತಿರುವಿನಲ್ಲೂ ಮುಂದೆ ಇದ್ದವರು "ಬಲಕ್ಕೆ!" ಎಂದು ಕೂಗುವುದು ನಮ್ಮ ನಿಯಮವಾಯಿತು. ಹೋಗಬಯಸುವ ಓದುಗರು ಇದನ್ನು ಹಗುರವಾಗಿ ಎಣಿಸಬಾರದು. ಊರ ಹೊರಗೆ ಕತ್ತಲಾದ ಮೇಲೆ ಮತ್ತು ಸುರಂಗಗಳಲ್ಲಿ ಬೆಳಕಿಗೆ ಹೊಳೆಯುವ ಅಂಗಿ ತೊಡುವುದು ಅಲ್ಲಿ ಸೈಕಲ್ ಸವಾರರಿಗೆ ಕಡ್ಡಾಯ ಎಂಬುದನ್ನೂ ನೆನಪಿಡಬೇಕು.

ಈರುಳ್ಳಿಯ ಊರು, ಹಕ್ಕಿಗಳ ಹೊಲ

ರಸ್ತೆಯನ್ನು ಬಿಟ್ಟು ಹೊಳೆಯ ದಂಡೆಗೆ ಇಳಿದೊಡನೆ ಲೋಕವೇ ಬೇರೆ. ಒಂದು ಕಡೆ ನೀರು, ಇನ್ನೊಂದು ಕಡೆ ಕೊಯ್ಲಾದ ಹೊಲಗಳು, ತಲೆ ಬಾಗಿಸಿ ಒಣಗಿ ನಿಂತ ಸೂರ್ಯಕಾಂತಿ. ಬಸ್ಸಿನಲ್ಲಿ ಇವೆಲ್ಲ ಬಣ್ಣದ ಪಟ್ಟಿಗಳಂತೆ ಓಡಿಹೋಗುತ್ತವೆ. ಸೈಕಲ್ಲಿನಲ್ಲಿ ಒಂದೊಂದಕ್ಕೂ ವಾಸನೆಯಿದೆ, ಸದ್ದಿದೆ. ಕನ್ನಾರಾ ಎಂಬ ಊರು ಈರುಳ್ಳಿಗೆ ಹೆಸರಾದದ್ದು. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಈರುಳ್ಳಿಯ ಹಬ್ಬವೇ ನಡೆಯುತ್ತದೆ. ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿದ ಈರುಳ್ಳಿಯ ಗೊಂಚಲುಗಳನ್ನು ಕಂಡು ಮನೆಯ ಅಟ್ಟ ನೆನಪಾಯಿತು.

ಕನ್ನಾರಾ ಮತ್ತು ಬೆವಾನ್ಯ ಊರುಗಳ ನಡುವಿನ ಪಿಯಾನ್‌ದಾರ್ಕ ಎಂಬ ಹೊಲದಲ್ಲಿ ಸಂತ ಫ್ರಾನ್ಸಿಸರು ಹಕ್ಕಿಗಳಿಗೆ ಬೋಧನೆ ಮಾಡಿದರೆಂಬುದು ಅಲ್ಲಿನವರ ಪರಂಪರೆಯ ನಂಬಿಕೆ. ಚಿತ್ರಪಟಗಳಲ್ಲಿ ಕಂಡ ವೈಭವ ಯಾವುದೂ ಅಲ್ಲಿಲ್ಲ. ಉತ್ತ ನೆಲ ಮತ್ತು ಬಯಲ ಗಾಳಿ, ಅಷ್ಟೇ. ನಾವು ಬಿಸ್ಕತ್ತು ತಿನ್ನುತ್ತ ಕುಳಿತಿದ್ದಾಗ ಗುಬ್ಬಿಗಳು ಚೂರುಗಳಿಗಾಗಿ ಬಂದವು. ಮೇಷ್ಟ್ರು, ಇವುಗಳ ಪೂರ್ವಜರೇ ಇರಬೇಕು ಅಂದಿನ ಸಭಿಕರು ಎಂದು ನಗಿಸಿದರು.

ಬೆವಾನ್ಯದಲ್ಲಿ ರಾತ್ರಿ ತಂಗಿದೆವು. ರೋಮನ್ನರ ಕಾಲದಲ್ಲಿ ಫ್ಲಮೀನಿಯಾ ಹೆದ್ದಾರಿಯ ಮೇಲಿದ್ದ ಮೆವಾನಿಯಾ ಪಟ್ಟಣವೇ ಇದು. ಅಂದಿನ ಸ್ನಾನಗೃಹವೊಂದರ ನೆಲದಲ್ಲಿ ಕಪ್ಪು ಬಿಳಿ ಕಲ್ಲಿನ ಚೂರುಗಳಿಂದ ಮಾಡಿದ ಕಡಲ ಪ್ರಾಣಿಗಳ ಚಿತ್ರ ಈಗಲೂ ಉಳಿದಿದೆ. ಊರ ಚೌಕದಲ್ಲಿ ಎದುರುಬದುರಾಗಿ ಎರಡು ಪ್ರಾಚೀನ ದೇವಾಲಯಗಳು. ಅವುಗಳಲ್ಲಿ ಸಂತ ಸಿಲ್ವೆಸ್ತರರ ದೇವಾಲಯದ ಬಾಗಿಲ ಬಳಿ 1195ರ ಶಾಸನವಿದೆ. ಪ್ರತಿ ಜೂನ್ ತಿಂಗಳಲ್ಲಿ ಊರಿನ ನಾಲ್ಕು ಕೇರಿಗಳವರು ಮಧ್ಯಯುಗದ ಕಸುಬುಗಳಾದ ಕಾಗದ, ಮೇಣದಬತ್ತಿ, ರೇಷ್ಮೆ ತಯಾರಿಕೆಗಳನ್ನು ಮಾಡಿ ತೋರಿಸಿ ಪರಸ್ಪರ ಸ್ಪರ್ಧಿಸುತ್ತಾರೆ.

ಸೈಕಲ್ಲಿನ ಸಾಧಾರಣತೆ

ಅಂದು ರಾತ್ರಿ ಊಟದ ಮೇಜಿನಲ್ಲಿ ಜೀನೊ ಬಾರ್ತಾಲಿಯವರ ಮಾತು ಬಂತು. ಫ್ಲಾರೆನ್ಸಿನ ಹತ್ತಿರ 1914ರಲ್ಲಿ ಹುಟ್ಟಿದ ಈ ಸೈಕಲ್ ವೀರರು ಫ್ರಾನ್ಸಿನ ಮಹಾಸ್ಪರ್ಧೆಯನ್ನು 1938ರಲ್ಲೂ ಹತ್ತು ವರ್ಷಗಳ ಬಳಿಕ 1948ರಲ್ಲೂ ಗೆದ್ದವರು. ಕಾರ್ಮೆಲ್ ಸಭೆಯ ಗೃಹಸ್ಥ ಸದಸ್ಯರು. ಎರಡನೆಯ ಮಹಾಯುದ್ಧದಲ್ಲಿ, 1943ರ ಸೆಪ್ಟೆಂಬರಿನಲ್ಲಿ ಜರ್ಮನರು ಇಟಲಿಯನ್ನು ಆಕ್ರಮಿಸಿದಾಗ ಯೆಹೂದ್ಯರ ಬೇಟೆ ಆರಂಭವಾಯಿತು. ಅಸ್ಸಿಸಿಯ ಧರ್ಮಾಧ್ಯಕ್ಷರಾದ ನಿಕೋಲಿನಿಯವರು, ಫ್ರಾನ್ಸಿಸ್ಕನ್ ಸಭೆಯ ಫಾದರ್ ರುಫೀನೊ ನಿಕ್ಕಾಚಿ ಮತ್ತಿತರರು ಮಠಗಳ ಬಾಗಿಲು ತೆರೆದು ನೂರಾರು ಮಂದಿಗೆ ಆಸರೆ ನೀಡಿದರು. ಲುಯೀಜಿ ಬ್ರಿತ್ಸಿ ಎಂಬ ಮುದ್ರಕರು ತಮ್ಮ ಮಗನೊಡನೆ ಸುಳ್ಳು ಹೆಸರಿನ ಗುರುತುಪತ್ರಗಳನ್ನು ಅಚ್ಚು ಮಾಡಿದರು.

ಅಭ್ಯಾಸದ ನೆಪದಲ್ಲಿ ಸವಾರಿ ಹೊರಡುತ್ತಿದ್ದ ಬಾರ್ತಾಲಿಯವರು ಇಂತಹ ಪತ್ರಗಳನ್ನು ಸೈಕಲ್ಲಿನ ಕೊಳವೆಗಳೊಳಗೆ ಸುರುಳಿ ಮಾಡಿ ಅಡಗಿಸಿ ಸಾಗಿಸಿದರು ಎಂಬುದು ಪ್ರಸಿದ್ಧ ವೃತ್ತಾಂತ. ಅದರ ಕೆಲವು ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಯೆಹೂದ್ಯರ ರಕ್ಷಣೆಗೆ ನೆರವಾದವರೆಂದು ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ 2013ರಲ್ಲಿ ಅವರನ್ನು ಗೌರವಿಸಿತು. ಅವರು 2000ದಲ್ಲಿ ತೀರಿಕೊಂಡಿದ್ದರು. ಬದುಕಿದ್ದಾಗ ಈ ಬಗ್ಗೆ ಹೆಚ್ಚು ಮಾತನಾಡಿದವರಲ್ಲ. ಸೈಕಲ್ಲೆಂಬುದು ಯಾರೂ ಅನುಮಾನಿಸದಷ್ಟು ಸಾಧಾರಣ ವಸ್ತು; ಆ ಸಾಧಾರಣತೆಯೇ ಕೆಲವೊಮ್ಮೆ ಜೀವ ಉಳಿಸುತ್ತದೆ ಎಂದು ಮೇಷ್ಟ್ರು ಹೇಳಿದರು.

ಮೊಂತೆಫಾಲ್ಕೊ ಏರು

ಎರಡನೆಯ ದಿನ ಬಯಲಿನ ದಾರಿ ಬಿಟ್ಟು ಮೊಂತೆಫಾಲ್ಕೊ ಬೆಟ್ಟಕ್ಕೆ ಹೊರಟೆವು. ಸುತ್ತಲಿನ ಸೀಮೆಯೆಲ್ಲ ಕಾಣುವುದರಿಂದ ಇದಕ್ಕೆ ಉಂಬ್ರಿಯಾದ ಉಪ್ಪರಿಗೆ ಎಂಬ ಅಡ್ಡಹೆಸರಿದೆ. ದೂರ ಹೆಚ್ಚಿಲ್ಲ, ಏರು ಮಾತ್ರ ಬಿಡುವಿಲ್ಲದ್ದು. ದಾರಿಯ ಎರಡೂ ಬದಿಗಳಲ್ಲಿ ಸಾಗ್ರಾಂತೀನೊ ಎಂಬ ಕಪ್ಪು ದ್ರಾಕ್ಷಿಯ ತೋಟಗಳು ಕೊಯ್ಲಿಗೆ ಕಾದಿದ್ದವು.

ಅರ್ಧ ದಾರಿಯಲ್ಲಿ ಹಿಂದಿರುಗಿ ನೋಡಿದಾಗ ಮೇಷ್ಟ್ರು ಕಾಣಲಿಲ್ಲ. ಇಳಿದು ಬಂದು ನೋಡಿದರೆ ಆಲಿವ್ ಮರದ ನೆರಳಿನಲ್ಲಿ ಕುಳಿತಿದ್ದರು. ಮುಖ ಬಿಳಿಚಿತ್ತು, ಬೆರಳುಗಳು ತಣ್ಣಗಿದ್ದವು. ಆಗ ಅವರ ಮಡದಿ ನಮಗೆ ತಿಳಿಯದಿದ್ದ ಸಂಗತಿಯನ್ನು ಹೇಳಿದರು. ಹಿಂದಿನ ವರ್ಷ ಅವರಿಗೆ ಹೃದಯದ ಚಿಕಿತ್ಸೆಯಾಗಿತ್ತು. ಸಮತಟ್ಟಿನಲ್ಲಿ ಸವಾರಿ ಮಾಡಬಹುದು, ಏರಿನಲ್ಲಿ ಶ್ರಮಪಡಕೂಡದು ಎಂದು ವೈದ್ಯರು ವಿಧಿಸಿದ್ದರು. ನಮಗೆ ಹೊರೆಯಾಗಬಾರದೆಂದು ಅವರು ಅದನ್ನು ಮುಚ್ಚಿಟ್ಟಿದ್ದರು.

ವೈದ್ಯರನ್ನು ಕರೆಸೋಣವೆಂದರೆ ಬೇಡವೆಂದರು. ಔಷಧಿ ತೆಗೆದುಕೊಂಡು, ನೀರು ಕುಡಿದು, ಬಹಳ ಹೊತ್ತು ಕುಳಿತ ಮೇಲೆ ಬಣ್ಣ ಮರಳಿತು. ಎದ್ದವರೇ ಮತ್ತೆ ತಮ್ಮ ಸೈಕಲ್ಲಿಗೆ ಕೈ ಹಾಕಿದರು.

"ರೀ, ಯಾರ ಮೇಲೆ ಈ ಹಠ? ನನ್ನದನ್ನು ತಗೊಳ್ಳಿ, ಇಲ್ಲದಿದ್ದರೆ ನಾನು ಇಲ್ಲಿಂದ ಒಂದು ಹೆಜ್ಜೆಯೂ ಬರೋದಿಲ್ಲ" ಎಂದರು ಮಡದಿ.

ಮೇಷ್ಟ್ರು ಸ್ವಲ್ಪ ಹೊತ್ತು ನೆಲ ನೋಡಿದರು. ಬಳಿಕ ಮಾತಿಲ್ಲದೆ ಮೋಟಾರಿನ ಸೈಕಲ್ಲಿನ ಹಿಡಿಯನ್ನು ಹಿಡಿದರು. ತುಳಿಯುವುದು ಬೇಡವೆಂದು ನಾವೆಲ್ಲರೂ ಇಳಿದೇ ನಡೆದೆವು. ಆ ಸೈಕಲ್ಲು ತಳ್ಳುವಾಗಲೂ ಮೋಟಾರಿನಿಂದ ಮೆಲ್ಲನೆ ಮುಂದಕ್ಕೆ ಸಾಗುವಂಥದ್ದು. ಅವರು ಅದರ ಮೇಲೆ ಕೈಯೂರಿ ನಡೆದರು. ಅವರ ಸಾದಾ ಸೈಕಲ್ಲನ್ನು ಮಡದಿ ತಳ್ಳಿದರು. ನಮ್ಮನ್ನು ದಾಟಿ ಹೋದ ಯುವಕರ ಗುಂಪೊಂದು ಹುರಿದುಂಬಿಸಿ ಕೂಗಿತು.

ಮೇಲೆ ತಲುಪಿದಾಗ ಮಧ್ಯಾಹ್ನದ ವಿರಾಮಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. ಹಿಂದಿನ ದಿನ ಕೊಂಡ ರೊಟ್ಟಿ ಮತ್ತು ಗಿಣ್ಣನ್ನು ಹಂಚಿಕೊಂಡು ಕಲ್ಲುಜಗುಲಿಯ ಮೇಲೆ ಮಲಗಿದೆವು. ಆಮೇಲೆ ಈಗ ಸಂಗ್ರಹಾಲಯವಾಗಿರುವ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಬೆನೋತ್ಸೊ ಗೊತ್ಸೊಲಿ 1452ರಲ್ಲಿ ಬರೆದು ಮುಗಿಸಿದ ಭಿತ್ತಿಚಿತ್ರಗಳನ್ನು ನೋಡಿದೆವು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳನ್ನು ಚಿತ್ರಿಸಿದ ಯೇಸುಸಭೆಯ ಬ್ರದರ್ ಮೊಶೇನಿಯವರು ಇಟಲಿಯ ಬೆರ್ಗಾಮೊ ಸೀಮೆಯವರು. ಆ ಗೋಡೆಗಳನ್ನು ನೋಡಿ ಬೆಳೆದವರಿಗೆ ಈ ಚಿತ್ರಗಳು ಅಪರಿಚಿತವೆನಿಸುವುದಿಲ್ಲ.

ಹಿಂದಿರುಗಿದವರ ದಾರಿ

ಮೂರನೆಯ ದಿನ ಮೇಷ್ಟ್ರು ಹೇಳಿಸಿಕೊಳ್ಳದೆಯೇ ಮೋಟಾರಿನ ಸೈಕಲ್ಲನ್ನು ಏರಿದರು. ಇಳಿಜಾರಿನಲ್ಲಿ ಬಯಲಿಗೆ ಇಳಿದು, ಬೆಟ್ಟದ ಮೇಲೆ ಬಳೆಯಂತೆ ಸುತ್ತಿಕೊಂಡ ತ್ರೆವಿ ಪಟ್ಟಣವನ್ನು ಕೆಳಗಿನಿಂದಲೇ ನೋಡಿ ಮುಂದೆ ಸಾಗಿದೆವು. ಕ್ಲಿತುನ್ನೊ ಬುಗ್ಗೆಗಳ ತಿಳಿನೀರನ್ನು ರೋಮನ್ ಲೇಖಕ ಕಿರಿಯ ಪ್ಲೀನಿ ಸುಮಾರು 1900 ವರ್ಷಗಳ ಹಿಂದೆಯೇ ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ.

ಸಂಜೆಗೆ ಸ್ಪೊಲೇತೊ ತಲುಪಿದೆವು. ಯೋಧನಾಗಿ ಕೀರ್ತಿ ಗಳಿಸಲು ದಕ್ಷಿಣಕ್ಕೆ ಹೊರಟಿದ್ದ ಯುವಕ ಫ್ರಾನ್ಸಿಸ್ ಈ ಊರಿನಲ್ಲಿಯೇ ಅಸ್ವಸ್ಥನಾದನೆಂದೂ, ಇಲ್ಲಿ ಕನಸಿನಲ್ಲಿ ಕೇಳಿದ ದನಿಗೆ ಓಗೊಟ್ಟು ಅಸ್ಸಿಸಿಗೆ ಹಿಂದಿರುಗಿದನೆಂದೂ ಅವರ ಚರಿತ್ರೆ ಹೇಳುತ್ತದೆ. ಪ್ರಧಾನಾಲಯದಲ್ಲಿ ಅವರು ಸಹೋದರ ಲಿಯೊ ಅವರಿಗೆ ಸ್ವಹಸ್ತದಿಂದ ಬರೆದ ಕಿರಿದಾದ ಚರ್ಮಪತ್ರವೊಂದನ್ನು ಕಾಪಾಡಿಟ್ಟಿದ್ದಾರೆ. ಅದರ ಮುಂದೆ ಮೇಷ್ಟ್ರು ಬಹಳ ಹೊತ್ತು ನಿಂತಿದ್ದರು.

ಹೊರಗೆ ಬಂದ ಮೇಲೆ, ಹಠ ಬಿಟ್ಟು ಹಿಂದಿರುಗುವುದಕ್ಕೂ ಧೈರ್ಯ ಬೇಕು, ಅಲ್ಲವೇ ಎಂದರು. ಮಡದಿ ಉತ್ತರಿಸದೆ ಅವರ ಹೆಗಲ ಚೀಲವನ್ನು ತಾವು ತೆಗೆದುಕೊಂಡರು.

ಮರುದಿನ ಸೈಕಲ್ಲುಗಳಿಗೂ ಟಿಕೇಟು ಪಡೆದು ರೈಲನ್ನೇರಿದೆವು. ಫೊಲಿನ್ಯೊದಲ್ಲಿ ಗಾಡಿ ಬದಲಿಸಿ ಅಸ್ಸಿಸಿಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರು ದಿನಗಳ ಬಯಲು ಕಿಟಕಿಯ ಹೊರಗೆ ಮತ್ತೆ ಬಣ್ಣದ ಪಟ್ಟಿಯಾಗಿ ಓಡಿತು. ಆದರೆ ಈಗ ನಮಗೆ ಅದರ ಹೊಲಗಳು ಗೊತ್ತಿದ್ದವು. ಆ ಆಲಿವ್ ಮರವಿದ್ದ ಬೆಟ್ಟ ಯಾವುದೆಂದೂ ಗೊತ್ತಿತ್ತು.