ನಾಲ್ಕು–ಐದರ ಹೊತ್ತು

ಕಳೆದ ಶನಿವಾರ ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿ, ಇಸ್ಪೀಟು ಕಟ್ಟಿನಿಂದ ಮೂರರ ಎರಡು ಎಲೆಗಳನ್ನು, ಪೋಕರ್‌ನಲ್ಲಿ ಕೈಗೆ ಬಂದ ಜೋಡಿಯೆಂದು, ಪಕ್ಕಕ್ಕೆ ತೆಗೆದಿಟ್ಟೆ. ಉಳಿದ 50 ಎಲೆ ಕಲೆಸಿ ಮೇಲಿನ ಮೂರನ್ನು ಮಗುಚುವುದು. ಇನ್ನೊಂದು ಮೂರು ಕಂಡರೆ ಬಟ್ಟಲಿಗೊಂದು ಹುಣಸೆಬೀಜ. ನೂರು ಸಲ ಮಾಡಿದೆ. ಬಿದ್ದದ್ದು 13 ಬೀಜ. ಲೆಕ್ಕ ಹೇಳುವುದು ಸುಮಾರು 12.

ಈ ಗೀಳು ಹತ್ತಿಸಿದ್ದು 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ವಿಡಿಯೊ. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ 839 ಆಟಗಾರರು, ಗೆದ್ದವರಿಗೆ 25 ಲಕ್ಷ ಡಾಲರ್. ಟೆನೆಸ್ಸೀಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಕೈಯಲ್ಲಿ ಐದು–ನಾಲ್ಕು. ಸ್ಯಾಮ್ ಫರ್ಹಾ ಬಳಿ ಗುಲಾಮ–ಹತ್ತು. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೇಲೆ ಮೊದಲು ಮಗುಚುವ ಮೂರು ಎಲೆಗಳಲ್ಲಿ, ಗುಲಾಮ, ಐದು, ನಾಲ್ಕು! ಚಿಪ್ಸ್ ಪೂರ್ತಿ ಒಳಕ್ಕೆ. ಕೊನೆಯ, ಐದನೇ ಎಲೆಯಾದ ರಿವರ್‌ನಲ್ಲಿ ಮತ್ತೊಂದು ಐದು.

ಅದಕ್ಕಿಂತ ನನ್ನ ತಲೆ ಕೆಡಿಸಿದ್ದು ಡಾಯ್ಲ್ ಬ್ರನ್ಸನ್‌ರ ಹತ್ತು–ಎರಡು. 1976ರ ಇದೇ ಟೂರ್ನಿಯ ಕೊನೆಯ ಆಟದಲ್ಲಿ ಎದುರಾಳಿಯ ಎಕ್ಕ–ಗುಲಾಮನ ಮುಂದೆ ಸೋತೇಹೋದಂತಿದ್ದ ಕೈ ಅದು. ನಾಲ್ಕನೇ ಎಲೆಯಾದ ಟರ್ನ್‌ನಲ್ಲಿ ಎರಡು, ರಿವರ್‌ನಲ್ಲಿ ಹತ್ತು ಬಂದು ಫುಲ್ ಹೌಸ್ (ಮೂರು ಹತ್ತು, ಎರಡು ಎರಡು). 1977ರ ಕೊನೆಯ ಆಟದಲ್ಲೂ ಅದೇ ಹತ್ತು–ಎರಡು, ಟರ್ನ್‌ನಲ್ಲಿ ಅದೇ ಎರಡು, ರಿವರ್‌ನಲ್ಲಿ ಅದೇ ಹತ್ತು. ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಇವತ್ತಿಗೂ ಆ ಕೈಗೆ ಅವರದೇ ಹೆಸರು.

ಆದರೆ ಇದನ್ನೇ ನೆಚ್ಚಿ ಟೂರ್ನಿಯಲ್ಲಿ ಒಂಬತ್ತು ಜನರ ಮೇಜಿನಲ್ಲಿ ಹತ್ತು–ಎರಡು ಹಿಡಿದು ಕೂರುವುದನ್ನು ನಾನು ಒಪ್ಪುವುದಿಲ್ಲ. ಈ ಮೂರೂ ಸಲ ಮೇಜಿನಲ್ಲಿ ಉಳಿದಿದ್ದವರು ಇಬ್ಬರೇ. ಇಬ್ಬರೇ ಇದ್ದಾಗ ಸಾಧಾರಣ ಎಲೆಯೂ ಆಡುವಂಥದ್ದೇ.

ತುಂಬಿದ ಮೇಜಿನಲ್ಲಿ ಚಿಕ್ಕ ಜೋಡಿಗೆ ಬೆಲೆ ಬರುವುದು ಟೂರ್ನಿಯ ಮೊದಲ ಗಂಟೆಗಳಲ್ಲಿ. ಬ್ಲೈಂಡ್ (ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಣ) 100 ಇದ್ದು ಇಬ್ಬರ ಬಳಿಯೂ ಹತ್ತು ಸಾವಿರ ಚಿಪ್ಸ್ ಇದೆ ಎನ್ನಿ. ಎದುರಾಳಿ 300ಕ್ಕೆ ಏರಿಸಿದರೆ ಮೂರರ ಜೋಡಿಯಿಂದ ಕಾಲ್ ಮಾಡಬಹುದು, ಅಂದರೆ ಅಷ್ಟೇ ಹಾಕಿ ಮುಂದುವರಿಯಬಹುದು. ಎಂಟೂವರೆ ಸಲಕ್ಕೊಮ್ಮೆ ಫ್ಲಾಪ್‌ನಲ್ಲಿ ಇನ್ನೊಂದು ಮೂರು ಬಂದು ಸೆಟ್ ಕೂಡಿಬರುತ್ತದೆ, ಬಂದಾಗ ದೋಚಲು ಸಾವಿರಗಟ್ಟಲೆ ಇರುತ್ತದೆ. ಪ್ರತಿ ಸಲವೂ ಎದುರಿನವರು ಕಾಸು ಬಿಚ್ಚುವುದಿಲ್ಲ; ಆದ್ದರಿಂದಲೇ ಕಾಲ್‌ನ 15ರಿಂದ 20 ಪಟ್ಟಾದರೂ ಚಿಪ್ಸ್ ಇರಬೇಕೆನ್ನುವುದು. ಬ್ಲೈಂಡ್ ಸಾವಿರಕ್ಕೇರಿದರೆ ಅದೇ ರಾಶಿ ಬರೀ ಹತ್ತು ಬ್ಲೈಂಡ್. ಫ್ಲಾಪ್ ನೋಡುವ ಆಸೆಗೆ ಕಾಲ್ ಮಾಡಿದರೆ ಕೈ ಖಾಲಿ. ಒಂದೇ ಜಾತಿಯ (ಸೂಟ್) ನಾಲ್ಕು–ಐದಕ್ಕೆ ಇನ್ನೂ ಕಷ್ಟ: ಫ್ಲಾಪ್‌ನಲ್ಲೇ ಫ್ಲಶ್ (ಐದೂ ಎಲೆ ಒಂದೇ ಜಾತಿ) ಬರುವುದು ಸುಮಾರು 119 ಸಲಕ್ಕೊಮ್ಮೆ.

ನಂಬಿಕೆ ಬಾರದವರು ಇಸ್ಪೀಟು ಕಟ್ಟು ಬಿಚ್ಚಿ ನೂರು ಸಲ ಹಾಕಿ ನೋಡಿ. ಕಾಸು ಬೇಡ, ಹುಣಸೆಬೀಜ ಸಾಕು.